ದೊಡ್ಡಮ್ಮನ ಒಳಗಿನ ಕಡ್ಡಿ

ಗಾಜಿನಣ್ಣ ಅಂತಲೇ ಅವನಿಗೆ ಹೆಸರು. ಇಪ್ಪತ್ತೆರಡು ವರ್ಷದಿಂದ ಲಾರಿಯಲ್ಲಿ ಗಾಜು, ಕನ್ನಡಿ ಸಾಗಿಸುತ್ತಿದ್ದವನು. ಇಲ್ಲಿಯವರೆಗೆ ಒಂದು ಹಾಳೆಗೂ ಸೀಳು ಬಂದಿರಲಿಲ್ಲ. ಈ ಮಾತನ್ನು ಅವನು ಹೇಳಿಕೊಳ್ಳಬೇಕಾಗಿಯೇ ಇರಲಿಲ್ಲ, ಹೆಂಡತಿ ಊರಿಗೆಲ್ಲ ಹೇಳಿ ಮುಗಿಸಿದ್ದಳು. ಹಾಗಾಗಿ ನಾದಿನಿಯ ವಾದ್ಯವನ್ನು ಒಂಬೈನೂರು ಕಿಲೋಮೀಟರ್ ಆಚೆ ಮುಟ್ಟಿಸಬೇಕು ಎಂದಾಗ ಮನೆಯಲ್ಲಿ ಬೇರೆ ಹೆಸರು ಯಾರ ಬಾಯಿಗೂ ಬರಲಿಲ್ಲ.

ವಾದ್ಯವೆಂದರೆ ಡಬಲ್ ಬೇಸ್. ಆಳೆತ್ತರದ ಪಿಟೀಲು ಅಂದುಕೊಳ್ಳಿ. ಅದನ್ನು ತಬ್ಬಿ ನಿಂತರೆ ನಾದಿನಿಯ ಹಣೆ ಮತ್ತು ಎರಡು ಕೈ ಬಿಟ್ಟು ಬೇರೇನೂ ಕಾಣದು. ಅವನು ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದ. ಕೊಳಲು ಕಲಿತಿದ್ದರೆ ಜೇಬಲ್ಲಿ ಹಾಕಿಕೊಂಡು ಹೋಗಬಹುದಿತ್ತಲ್ಲ ಎಂಬ ಒಂದೇ ತಮಾಷೆಯನ್ನು ಹನ್ನೆರಡು ವರ್ಷದಿಂದ ಮಾಡುತ್ತಿದ್ದ. ಅವಳೂ ಹನ್ನೆರಡು ವರ್ಷದಿಂದ ಅದು ಇವತ್ತೇ ಹುಟ್ಟಿದ್ದೆಂಬಂತೆ ನಗುತ್ತಿದ್ದಳು. ಈಗ ದೊಡ್ಡ ವಾದ್ಯವೃಂದವೊಂದು ಅವಳನ್ನು ಕರೆದಿತ್ತು. ಹೊರಟ ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರ ಮುಂದೆ ನುಡಿಸಬೇಕು. ಒಪ್ಪಿದರೆ ಕೆಲಸ, ಇಲ್ಲದಿದ್ದರೆ ವಾಪಸು ಬಂದು ಶಾಲೆಯ ಮಕ್ಕಳಿಗೆ ಅದೇ ಸಂಜೆಪಾಠ.

ಅವನು ಕಟ್ಟಿದ್ದನ್ನು ನೋಡಲು ಅಕ್ಕಪಕ್ಕದವರೂ ಬಂದಿದ್ದರು. ಅಂಚಿನ ಮೇಲೆ ನಿಲ್ಲಿಸಿದ ಕನ್ನಡಿಗಳ ಪಕ್ಕ ಎರಡು ಹಾಸಿಗೆ, ಅವುಗಳ ನಡುವೆ ಕಂಬಳಿ ಹೊದ್ದ ದೊಡ್ಡಮ್ಮ. ಪಟ್ಟಿ ಬಿಗಿದಿತ್ತು, ಎಲ್ಲೂ ಮೈಗೆ ಒತ್ತಿರಲಿಲ್ಲ. ಹೊರಡುವಾಗ ಹೆಂಡತಿ ಹೇಳಿದಳು, "ನನ್ನ ತಂಗಿ ಪಿಟೀಲಿಗೆ ಒಂದು ಗೀರು ಬಿದ್ರೂ ನೀವು ಲಾರೀಲೇ ಮಲಗಿ."

ನಸುಕಿನಲ್ಲಿ ಹೊರಟವರು ಮಧ್ಯಾಹ್ನ ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತರು. ನಾದಿನಿ ಮುಖ ತೊಳೆಯಲು ಹೋದಳು. ಅವನು ರೂಢಿಯಂತೆ ಹಿಂದೆ ಹತ್ತಿ ಒಂದೊಂದೇ ಪಟ್ಟಿ ಎಳೆದು ನೋಡಿದ. ದೊಡ್ಡಮ್ಮನ ಕತ್ತಿನ ಬಳಿ ಕಂಬಳಿ ಸರಿಸಿ ತಂತಿ ಮುಟ್ಟಿದರೆ, ಅಬ್ಬಾ, ಆ ಬಿಗಿ. ಬಿಸಿಲು ಬೇರೆ. ಅವನ ಕಸುಬಿನಲ್ಲಿ ಒಡೆಯುವುದೆಲ್ಲ ಸೆಟೆದು ನಿಂತದ್ದೇ. ಪಾಪ, ಇಷ್ಟು ದೂರ ಹೀಗೇ ಬಿಗಿದುಕೊಂಡು ಬರಬೇಕೇ ಅನ್ನಿಸಿ, ದಣಿದು ಬಂದವರ ಬೂಟಿನ ಲೇಸು ಬಿಚ್ಚುವಷ್ಟು ಅಕ್ಕರೆಯಿಂದ ನಾಲ್ಕೂ ತಿರುಪು ತಿರುಗಿಸಿ ತಂತಿಗಳನ್ನು ಜೋಲು ಬಿಟ್ಟ. ಟೀ ಕುಡಿಯುವಾಗ ಹೇಳಿದರಾಯಿತು ಅಂದುಕೊಂಡವನು ಮರೆತೇಬಿಟ್ಟ.

ಇಪ್ಪತ್ತು ಕಿಲೋಮೀಟರ್ ದಾಟಿರಬಹುದು, ಒಂದು ಹಂಪ್ ಬಂತು. ಅವನು ಅದನ್ನು ಹತ್ತಿ ಇಳಿಸಿದ್ದು ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ. ಆದರೂ ಹಿಂದಿನಿಂದ ಟಕ್ ಎಂದಿತು. ತಿರುವಿನಲ್ಲಿ ಏನೋ ಗುಡುಗುಡು ಉರುಳಿತು. ಲಾರಿಯಲ್ಲಿ ಏನು ಅಲುಗಿದರೂ ಅವನ ಬೆನ್ನಿಗೆ ಗೊತ್ತಾಗುತ್ತಿತ್ತು. ಇದು ಗಾಜಲ್ಲ. ಮರದೊಳಗೆ ಮರ.

ಮುಚ್ಚಿದ ಗೋದಾಮೊಂದರ ಮುಂದೆ ಲಾರಿ ನಿಲ್ಲಿಸಿದ. "ತಂತಿ ಸಡಿಲ ಆಗಿರ್ಬೇಕು," ಎಂದಳು ನಾದಿನಿ. ತಪ್ಪನ್ನು ಹಂಪ್ ಮೇಲೆ ಹಾಕಿಬಿಡಬಹುದಿತ್ತು. ಅವನ ಮಾತನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಸ್ಟಿಯರಿಂಗ್ ಬಿಡದೆಯೇ ಹೇಳಿದ, "ತಂತಿ ಸಡಿಲ ಮಾಡಿದ್ದು ನಾನೇ ಕಣಮ್ಮ. ಬಿಗಿ ಜಾಸ್ತಿ ಅನ್ನಿಸ್ತು."

"ನಾಲ್ಕೂನೂ?"

"ನಾಲ್ಕೂ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಹಿಂದೆ ಹತ್ತಿ, ವಾದ್ಯದ ಹೊಟ್ಟೆಯ ಮೇಲೆ ಸದ್ದು ಹೊರಬರಲೆಂದೇ ಕೊರೆದ ಎರಡು ಸೀಳುಗಳಲ್ಲಿ ಒಂದರೊಳಗೆ ಮೊಬೈಲ್ ಬೆಳಕು ಬಿಟ್ಟು ತೋರಿಸಿದಳು. ಹೆಬ್ಬೆರಳು ಗಾತ್ರದ ಕಡ್ಡಿಯೊಂದು ಒಳಗೆ ಅಡ್ಡ ಬಿದ್ದಿತ್ತು. ಮುಂದಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ನಿಲ್ಲುವುದು ಅದು. ಅದಿಲ್ಲದೆ ತಂತಿ ಬಿಗಿದರೆ ಹಲಗೆಯೇ ಕುಸಿಯುತ್ತದೆ, ನುಡಿಸುವ ಮಾತೇ ಇಲ್ಲ.

"ಅಂಟಿಲ್ವಾ? ಒಂದು ಮೊಳೆ?"

"ಏನೂ ಇಲ್ಲ ಭಾವ. ತಂತಿಗಳು ಒತ್ತೋದ್ರಿಂದಲೇ ನಿಂತಿರುತ್ತೆ."

ಅವನು ಸುಮಾರು ಹೊತ್ತು ಆ ಕಡ್ಡಿಯನ್ನೇ ನೋಡಿದ. ಇಷ್ಟು ದೊಡ್ಡ ದೇಹ, ಇಷ್ಟೂ ಸದ್ದು, ಅಂಟಿಲ್ಲದೆ ನಿಂತ ಒಂದು ಕಡ್ಡಿಯ ಮೇಲೆ. ಇದನ್ನು ಕಟ್ಟಿದವನಿಗೆ ಕೈಮುಗಿಯಬೇಕು ಅನ್ನಿಸಿತು. ಇದನ್ನೆಲ್ಲ ಬಲ್ಲವಳನ್ನು ಹನ್ನೆರಡು ವರ್ಷದಿಂದ ಕೊಳಲು ಕೊಳಲು ಎಂದು ಸತಾಯಿಸಿದೆನಲ್ಲ ಎಂದೂ ಅನ್ನಿಸಿತು.

ರಿಪೇರಿ ಮಾಡುವವರು ಆ ದಾರಿಯಲ್ಲಿ ಎಲ್ಲಿ ಸಿಗಬೇಕು? ಎಂಥ ಹತಾರ ಬೇಕೆಂದು ಅವಳು ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದಳು. ಅವನು ಲಾರಿಯಲ್ಲಿದ್ದ ಬಕೆಟ್ಟಿನ ಕಬ್ಬಿಣದ ಹಿಡಿ ಕಿತ್ತು, ಇಕ್ಕಳದಲ್ಲಿ ಹಾವಿನಂತೆ ಬಗ್ಗಿಸಿ, ತುದಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿದ. ಆಗಲೇ ಹೆಂಡತಿಯ ಫೋನು. ಆಮೇಲೆ ಮಾಡುತ್ತೇನೆಂದು ಕಟ್ ಮಾಡಿದ.

ವಾದ್ಯವನ್ನು ಹಾಸಿಗೆ ಮೇಲೆ ಮಲಗಿಸಿದರು. ಅಂಗೈಯಗಲದ ಮಾದರಿ ಕನ್ನಡಿಯೊಂದನ್ನು ಅವಳು ಒಂದು ಸೀಳಿನ ಬಳಿ ಹಿಡಿದಳು. ಬಗ್ಗಿಸಿದ ಹಿಡಿಯ ಚೂಪು ತುದಿಗೆ ಕಡ್ಡಿ ಸಿಕ್ಕಿಸಿ ಅವನು ಇನ್ನೊಂದರೊಳಗೆ ತೂರಿಸಿದ. ವರ್ಷಗಟ್ಟಲೆ ಕಡ್ಡಿ ನಿಂತ ಜಾಗದಲ್ಲಿ ಮರ ಬೆಳ್ಳಗೆ ದುಂಡಗೆ ಉಳಿದಿತ್ತು. ಅಲ್ಲಿಗೇ ನಿಲ್ಲಿಸಬೇಕು. ಮೊದಲ ಸಲ ಕಡ್ಡಿ ಬಿತ್ತು. ಎರಡನೆಯ ಸಲವೂ. ಐದನೆಯ ಸಲಕ್ಕೆ ಅವನ ಅಂಗಿ ಬೆನ್ನಿಗಂಟಿತ್ತು. ಅವಳ ದನಿ ಮಾತ್ರ ಒಮ್ಮೆಯೂ ಏರಲಿಲ್ಲ.

"ತಳ್ಳಬೇಡಿ ಭಾವ, ಎಳೀರಿ. ಎಳ್ಳಷ್ಟು ಎಡಕ್ಕೆ. ಸಾಕು. ಉಸಿರು ಬಿಡಿ ಈಗ."

ಅವನು ಬಿಟ್ಟ. ಕಡ್ಡಿ ನಿಂತಿತ್ತು.

ತಂತಿಗಳನ್ನು ಹೊರುವ ಮರದ ಕುದುರೆಯನ್ನು ಜಾಗಕ್ಕಿಟ್ಟು ಅವಳೇ ತಿರುಪು ಬಿಗಿದಳು. ಒಂದಿಷ್ಟು ಇದು, ಒಂದಿಷ್ಟು ಅದು, ಚಕ್ರದ ಬೋಲ್ಟು ಬಿಗಿದ ಹಾಗೆ. ಅಷ್ಟು ಅವನಿಗೂ ಅರ್ಥವಾಯಿತು. ಆಮೇಲೆ ಅತಿ ದಪ್ಪದ ತಂತಿಯ ಮೇಲೆ ಕಮಾನು ಎಳೆದಳು. ಪಕ್ಕದ ಕನ್ನಡಿಗಳೆಲ್ಲ ಒಟ್ಟಿಗೆ ಗುಂಯ್ ಎಂದವು. ಗಾಜು ಸದ್ದು ಮಾಡಿದರೆ ಎದೆ ಒಡೆದುಕೊಳ್ಳುತ್ತಿದ್ದವನು ಇನ್ನೊಂದ್ಸಲ ಎಳಿ ಎಂದ.

ಮರುದಿನ ಹತ್ತಕ್ಕೆ ಮುಚ್ಚಿದ ಬಾಗಿಲಿನ ಹೊರಗೆ, ಕಂಬಳಿ ಮಡಿಚಿ ತೊಡೆಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ. ದೊಡ್ಡಮ್ಮನ ದನಿ ಗೋಡೆ ದಾಟಿ, ಬೆಂಚಿನ ಮರದಲ್ಲಿ ಹರಿದು ಅವನ ಬೆನ್ನಿಗೆ ಬಂತು. ಆ ಬೆನ್ನು ಹುಡುಕಿತು. ಎಲ್ಲೂ ಏನೂ ಅಲುಗುತ್ತಿರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಅವಳು ಹೊರಗೆ ಬಂದು, ಸೋಮವಾರದಿಂದ ಬರಬೇಕಂತೆ ಎಂದಳು. ಅವನು ತಲೆಯಾಡಿಸಿ ಫೋನ್ ತೆಗೆದ.

"ಗೀರು?" ಎಂದಳು ಹೆಂಡತಿ.

"ಗೀರಿಲ್ಲ. ಆದ್ರೆ ದಾರೀಲಿ ನಾನು ಅದರ ಪ್ರಾಣಾನೇ ಬೀಳಿಸಿದ್ದೆ. ನಿನ್ನ ತಂಗಿ ನನ್ನ ಕೈಲೇ ಎತ್ತಿ ನಿಲ್ಲಿಸಿದ್ಲು. ಕೆಲಸಾನೂ ಆಯ್ತು."



"ನೀವಾ?"

"ಹೂಂ, ನಾನೇ. ಲಾರೀಲಿ ಮಲಗ್ಬೇಕೇನೇ?"

"ಮೊದ್ಲು ಬನ್ನಿ," ಎಂದಳು ಅವಳು, "ಹೇಗೆ ನಿಲ್ಲಿಸಿದ್ಲು ಅಂತ ಪೂರ್ತಿ ಹೇಳಿ. ಆಮೇಲೆ ನೋಡೋಣ."