ನೀರು ಕುಡಿದ ಜೀಪು

ಬೋಲ್ಟು ಸಡಿಲವಾಗುತ್ತಿದ್ದಂತೆ ಮೊದಲು ಬಂದದ್ದು ನೀರು. ಹಳ್ಳದ ನೀರೇ, ಕೆಸರಿನ ವಾಸನೆ ಕೂಡ ಹೋಗಿರಲಿಲ್ಲ. ಅದು ಸುರಿದು ಮುಗಿದ ಮೇಲೆ ಇಂಜಿನ್ ಆಯಿಲ್ ನಿಧಾನವಾಗಿ ಇಳಿಯತೊಡಗಿತು, ಹಾಲು ಜಾಸ್ತಿಯಾದ ಕಾಫಿಯ ಬಣ್ಣದಲ್ಲಿ. ಜೀಪಿನ ಕೆಳಗೆ ಅಂಗಾತ ಮಲಗಿದ್ದ ಗೇರಕ್ಕ ಒಂದಿಷ್ಟನ್ನು ಬೆರಳಿಗೆ ತಾಗಿಸಿಕೊಂಡು ಉಜ್ಜಿ ನೋಡಿದಳು. ಮರಳು ಸಿಗಲಿಲ್ಲ.

"ಅಷ್ಟಾದ್ರೂ ಮರ್ಯಾದೆ ಉಳಿಸ್ದೆ" ಎಂದು ಇಂಜಿನ್ನಿಗೇ ಹೇಳಿದಳು.

ನಡೆಯುವಾಗಲೂ ಗೇರು ಬದಲಾಯಿಸಿದವಳ ಹಾಗೆ ತಟ್ಟನೆ ವೇಗ ಹಿಡಿಯುತ್ತಾಳೆಂದು ಜೀಪ್ ಸ್ಟ್ಯಾಂಡಿನ ಡ್ರೈವರುಗಳು ಇಟ್ಟ ಹೆಸರು ಗೇರಕ್ಕ. ಈಗ ಮನೆಯವರ ಬಾಯಲ್ಲೂ ಅದೇ. ಹಳ್ಳದ ಸೇತುವೆ ಕುಸಿದ ಮೇಲೆ ಉಳಿದ ಡ್ರೈವರುಗಳೆಲ್ಲ ಆ ದಡದ ಸಹವಾಸವೇ ಬೇಡವೆಂದು ಕೈತೊಳೆದುಕೊಂಡಿದ್ದರು. ಇವಳು ಮಾತ್ರ ಸೇತುವೆಯ ಪಕ್ಕದ ಇಳಿಜಾರಿನಲ್ಲಿ ಜೀಪನ್ನು ನೀರಿಗಿಳಿಸಿ ದಿನವೂ ದಾಟುತ್ತಿದ್ದಳು. ಆ ದಡದ ಸಣ್ಣ ಆಸ್ಪತ್ರೆಯನ್ನು ಒಬ್ಬಳೇ ನಡೆಸುವ ನರ್ಸಕ್ಕ ಅವಳ ಖಾಯಂ ಗಿರಾಕಿ. ನರ್ಸಕ್ಕನೆಂದರೆ ಗಂಡನ ಅಣ್ಣನ, ಅಂದರೆ ಭಾವನ ಹೆಂಡತಿ, ಗೇರಕ್ಕನ ವಾರಗಿತ್ತಿ. ವಾರಗಿತ್ತಿಯರಿಬ್ಬರು ಒಂದೇ ಗಾಡಿಯಲ್ಲಿ ಜಗಳವಿಲ್ಲದೆ ಹೋಗಿ ಬರುವುದೇ ಊರಿಗೊಂದು ಸೋಜಿಗವಾಗಿತ್ತು.

ಕಳೆದ ವಾರ ಹಳ್ಳದ ನಡುವೆ ಮುಂದಿನ ಚಕ್ರ ಗುಂಡಿಗೆ ಬಿತ್ತು. ಹಿಂದಿನ ದಿನ ಅಲ್ಲಿ ಗುಂಡಿಯೇ ಇರಲಿಲ್ಲ. ರಾತ್ರಿಯ ಪ್ರವಾಹ ತೋಡಿಟ್ಟು ಹೋಗಿತ್ತು. ನೀರು ಬಾನೆಟ್ಟಿನ ಮೇಲೆ ಹತ್ತಿತು, ಇಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು. ದಡದಲ್ಲಿದ್ದವರೆಲ್ಲ "ಸೆಲ್ಫ್ ಹೊಡಿ, ಸೆಲ್ಫ್ ಹೊಡಿ" ಎಂದು ಗಂಟಲು ಹರಿದುಕೊಂಡರು. ಇಂಜಿನ್ನಿನ ಹೊಟ್ಟೆಗೆ ನೀರು ಹೋಗಿರುವಾಗ ಸೆಲ್ಫ್ ಹೊಡೆದರೆ ಒಳಗಿನ ರಾಡುಗಳು ಬಾಗಿ ಹೋಗುತ್ತವೆ. ಅವಳು ಕೀ ಕಿತ್ತು ಹಲ್ಲಿನ ನಡುವೆ ಕಚ್ಚಿಕೊಂಡಳು. ಎರಡೂ ಕೈ ಬೇಕಿತ್ತು. ಈಜು ಬಾರದ ನರ್ಸಕ್ಕನ ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ದಡದವರ ಕೈಗೆ ಎಸೆದಳು. ಆಮೇಲೆ ಟ್ರ್ಯಾಕ್ಟರು ಬಂದು ಜೀಪನ್ನು ಎಳೆದು ಹಾಕಿತು.

ಆ ದಿನ ಭಾವ ಒಂದು ಮಾತೂ ಆಡದೆ ಹೆಂಡತಿಗೆ ಟವೆಲ್ಲು ಹೊದಿಸಿ ಕರೆದುಕೊಂಡು ಹೋಗಿದ್ದರು. ಮಾತು ಇವತ್ತು ಬಂತು, ಗುಜರಿಯವನನ್ನು ಬೆನ್ನಿಗೆ ಕಟ್ಟಿಕೊಂಡು.

"ಹೊರಗೆ ಬಾಮ್ಮ. ಗಾಡಿ ಇವನು ಒಯ್ತಾನೆ."

ಗೇರಕ್ಕ ಜೀಪಿನಡಿಯಿಂದ ತೆವಳಿ ಎದ್ದಳು. ಕೆನ್ನೆಯ ಮೇಲೆ ಗ್ರೀಸು ಬಳಿದುಕೊಂಡಿತ್ತು. "ಎಲ್ಲಿಗೆ?"

"ಒಡೆಯೋಕೆ. ನೀರು ಕುಡಿದ ಗಾಡೀಲಿ ಮತ್ತೆ ಜನಾನ ಕೂರಿಸೋದು ಬೇಡ. ಗಾಡಿ ಇರೋದು ನನ್ನ ಹೆಸರಲ್ಲಿ, ನಾನೇ ಹೇಳ್ತಾ ಇದ್ದೀನಿ."

"ಹೆಸರು ನಿಮ್ಮದು ಭಾವ. ಕೆಸರು ನಂದು."

ಗುಜರಿಯವನು ನಗು ತಡೆಯಲಾರದೆ ಅತ್ತ ತಿರುಗಿದ. ಭಾವನ ಮುಖ ಗಂಟಿಕ್ಕಿತು. ಬೆನ್ನುನೋವಿನಿಂದ ಸ್ಟೇರಿಂಗ್ ಬಿಡುವ ತನಕ ಈ ಜೀಪು ಅವರದೇ ಕೈಯಲ್ಲಿತ್ತು. ಗೇರಕ್ಕನಿಗೆ ಕ್ಲಚ್ಚಿನ ಮೇಲೆ ಕಾಲಿಡಲು ಕಲಿಸಿದವರೂ ಅವರೇ. ಅವರು ಜಗುಲಿಯತ್ತ ನೋಡಿದರು. ಅಲ್ಲಿ ತಮ್ಮ, ಗೇರಕ್ಕನ ಗಂಡ, ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ.

"ನೀನಾದ್ರೂ ಹೇಳೋ ನಿನ್ನ ಹೆಂಡ್ತಿಗೆ."

ದರ್ಜಿ ತುಟಿಯ ನಡುವಿನ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದ. "ಅಣ್ಣಾ, ನಂಗೆ ಗೊತ್ತಿರೋದು ಹೊಲಿಗೆ. ಸೀಟೆಲ್ಲ ಕೊಳೆತು ನಾರ್ತಾ ಇದೆ. ಹೊಸ ಕವರು ಹೊಲೀತಾ ಇದ್ದೀನಿ." ಮತ್ತೆ ಸೂಜಿಗಳನ್ನು ಬಾಯಿಗಿಟ್ಟುಕೊಂಡ.

ಗೇರಕ್ಕ ಡೀಸೆಲ್ ಚಿಮ್ಮಿಸುವ ನಾಜಲುಗಳನ್ನು ಬೆಳಿಗ್ಗೆಯೇ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದಳು. ನೀರು ಹೊರಬರಲು ದಾರಿಯಾಗಿತ್ತು. ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರು ಹಾಕಿ ಇಂಜಿನ್ನನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದಳು. ಎಲ್ಲೂ ಹಿಡಿಯಲಿಲ್ಲ.

"ದೂರ ನಿಲ್ಲಿ ಭಾವ."

ಭಾವ ಕದಲಲಿಲ್ಲ. ಅವಳು ಸೆಲ್ಫ್ ಹೊಡೆದಳು. ಬಿಚ್ಚಿದ ತೂತುಗಳಿಂದ ನೀರು ಕಾರಂಜಿಯ ಹಾಗೆ ಚಿಮ್ಮಿ ಅವರ ಇಸ್ತ್ರಿ ಅಂಗಿಯ ಮೇಲೆ ಕಂದು ಚುಕ್ಕಿಗಳನ್ನು ಇಟ್ಟಿತು. ಅವರು ಒರೆಸಿಕೊಳ್ಳಲಿಲ್ಲ. ತಲೆ ಓರೆ ಮಾಡಿ ಇಂಜಿನ್ನಿನ ಸದ್ದನ್ನೇ ಕೇಳುತ್ತ ನಿಂತರು. ಹಳೆಯ ಡ್ರೈವರಿನ ಕಿವಿ. ಇಂಜಿನ್ ತಾಳ ತಪ್ಪದೆ ತಿರುಗುತ್ತಿದೆ, ರಾಡು ಬಾಗಿಲ್ಲ ಎಂಬುದು ಅದಕ್ಕೆ ಗೊತ್ತಾಗದೆ ಇರಲಿಲ್ಲ.

"ಇಂಜಿನ್ನಿಗೆ ಏನೂ ಆಗಿಲ್ಲ, ಒಪ್ಪಿದೆ" ಎಂದರು. ದನಿ ಇದ್ದಕ್ಕಿದ್ದಂತೆ ತಗ್ಗಿತು. "ಅವಳಿಗೆ ಏನಾದ್ರೂ ಆಗಿದ್ದಿದ್ರೆ?"

ಹಗ್ಗ ಬಿಗಿಯುವಾಗ ನರ್ಸಕ್ಕನ ಹಲ್ಲುಗಳು ಕಟಕಟ ಎನ್ನುತ್ತಿದ್ದುದು ಇನ್ನೂ ಗೇರಕ್ಕನ ಕಿವಿಯಲ್ಲಿತ್ತು.

"ಇಳಿದು ನೋಡದೆ ನುಗ್ಗಿದೆ. ತಪ್ಪು ನಂದೇ. ನನ್ನನ್ನ ಬೈರಿ, ಎಷ್ಟು ಬೇಕಾದ್ರೂ ಬೈರಿ. ಗಾಡಿನ ಯಾಕೆ ಒಡೀತೀರಿ?"

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ನರ್ಸಕ್ಕ. ಗಂಡನನ್ನೂ ಗುಜರಿಯವನನ್ನೂ ಒಮ್ಮೆ ನೋಡಿದಳು. ಬ್ಯಾಗಿನಿಂದ ಆಸ್ಪತ್ರೆಯ ರಬ್ಬರು ಗ್ಲೌಸು ತೆಗೆದು ಕೈಗೆ ಏರಿಸಿಕೊಂಡಳು. ಚಕ್ರದ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಇದನ್ನ ಹೇಗೆ ತೊಳೆಯೋದೇ? ಹಲ್ಲುಜ್ಜೋ ಬ್ರಷ್ಷು ಸಾಕಾ?"

"ಮನೆಗೆ ನಡಿ" ಎಂದರು ಭಾವ. "ವರ್ಗಾವಣೆಗೆ ಹಾಕು ಅಂತ ಅಷ್ಟು ಹೇಳಿದೀನಿ."

"ಹಾಕಲ್ಲ." ಕಡ್ಡಿ ಮುರಿದ ಹಾಗೆ ಬಂತು ಉತ್ತರ. "ಆ ಕಡೆ ಹುಣ್ಣಿಗೆ ಬಟ್ಟೆ ಕಟ್ಟಿಸ್ಕೊಂಡೋರು ಕಾಯ್ತಾ ಇದ್ದಾರೆ. ಬಟ್ಟೆ ಬದಲಾಯಿಸದೆ ಇದ್ರೆ ಕೀವಾಗುತ್ತೆ. ನನ್ನ ಹೆಂಡ್ತಿ ಇನ್ನು ಬರಲ್ಲ ಅಂತ ನೀವೇ ಹೋಗಿ ಹೇಳಿ ಬನ್ನಿ. ಹೇಗೆ ದಾಟ್ತೀರೋ ನಾನೂ ನೋಡ್ತೀನಿ."

"ಹೆದರಿಕೆ ಇಲ್ವಾ ನಿಂಗೆ?"

"ಇದೆ." ನರ್ಸಕ್ಕ ಬೇರಿಂಗೊಂದನ್ನು ಎತ್ತಿಕೊಂಡು ಬೂದುಬಣ್ಣಕ್ಕೆ ತಿರುಗಿದ್ದ ಗ್ರೀಸನ್ನು ಕೆರೆಯತೊಡಗಿದಳು.

ಮನೆಯವರ ಮಾತು ಮುಗಿದ ಮೇಲೆ ಬರುತ್ತೇನೆಂದು ಗುಜರಿಯವನು ಮೆಲ್ಲಗೆ ಜಾಗ ಖಾಲಿ ಮಾಡಿದ. ಭಾವ ಒದ್ದೆ ಅಂಗಿಯಲ್ಲೇ ಹೊರಟುಹೋದರು.

ಆಯಿಲ್ ಹಾಕಿ, ಇಂಜಿನ್ ಓಡಿಸಿ, ಮತ್ತೆ ಇಳಿಸಿ, ಮತ್ತೆ ಹಾಕಿ, ಕಾಫಿಯ ಬಣ್ಣ ಪೂರ್ತಿ ಹೋಗುವ ತನಕ ಗೇರಕ್ಕ ಬಿಡಲಿಲ್ಲ. ಗೇರ್ ಬಾಕ್ಸಿನಲ್ಲೂ ಅದೇ ಕತೆ, ಹಿಂದಿನ ಆಕ್ಸಲ್‌ನಲ್ಲೂ ಅದೇ. ಬ್ರೇಕ್ ಡ್ರಮ್ಮುಗಳಿಂದ ಮುಷ್ಟಿಗಟ್ಟಲೆ ಕೆಸರು ಬಂತು. ಇಂಜಿನ್ ಉಸಿರೆಳೆಯುವ ಬಾಯಿಗೆ ಮನೆ ಕಟ್ಟುವವರು ಬಿಟ್ಟುಹೋಗಿದ್ದ ಪೈಪಿನ ತುಂಡೊಂದನ್ನು ಜೋಡಿಸಿ, ಗಾಜಿನ ಪಕ್ಕದಿಂದ ಮೇಲಕ್ಕೆ ಒಯ್ದು, ಚಾವಣಿಯ ಎತ್ತರಕ್ಕೆ ನಿಲ್ಲಿಸಿದಳು. ಸಂದುಗಳಿಗೆಲ್ಲ ರಬ್ಬರು ಸುತ್ತಿ ಬಿಗಿದಳು.

"ಗೇರಕ್ಕ, ಆನೆಗೆ ಸೊಂಡಿಲು ಬಂತಾ?" ಎಂದರು ಸ್ಟ್ಯಾಂಡಿನವರು.

"ಬಂತು. ನಿಮ್ಮ ಗಾಡಿಗೆ ಬಾಲ ಮಾತ್ರ ಇದೆ, ಕಾಲಸಂದಿಗೆ ಸಿಕ್ಕಿಸ್ಕೊಂಡಿದೆ."

ಜೀಪು ಹಳ್ಳಕ್ಕೆ ಹೊರಟ ಬೆಳಿಗ್ಗೆ ಇಳಿಜಾರಿನಲ್ಲಿ ಸಣ್ಣ ಸಂತೆಯೇ ಸೇರಿತ್ತು. ಜನರ ಹಿಂದೆ ಭಾವನೂ ಕೈಕಟ್ಟಿ ನಿಂತಿದ್ದರು. ಗೇರಕ್ಕ ಗಾಡಿ ನಿಲ್ಲಿಸಿ, ಬಟ್ಟೆ ಮೇಲೆತ್ತಿ ಕಟ್ಟಿ, ಉದ್ದನೆಯ ಕೋಲು ಹಿಡಿದು ನೀರಿಗಿಳಿದಳು. ಚಕ್ರ ಹೋಗಬೇಕಾದ ಕಡೆಯೆಲ್ಲ ಕೋಲು ಚುಚ್ಚುತ್ತ ನಡುವಿನ ತನಕ ಹೋದಳು. ನೀರು ತೊಡೆಯ ಮೇಲಕ್ಕೆ ಬಂದು ಕಾಲನ್ನು ತಳ್ಳತೊಡಗಿತು. ವಾಪಸ್ಸು ಬಂದಳು.

"ಈಗಾಗಲ್ಲ. ನೀರು ಇಳೀಲಿ."

"ಹೆದರಿದ್ಲು" ಎಂದ ಯಾರೋ. ನಗು ಎದ್ದಿತು.

"ಹೌದು, ಹೆದರಿದೆ. ಹೆದರ್ಕೊಂಡೇ ಇಲ್ಲಿ ಕೂತಿರ್ತೀನಿ. ಧೈರ್ಯ ಇರೋರು ಮನೆಗೆ ಹೋಗಿ" ಎಂದು ಅವಳು ಬಾನೆಟ್ಟಿನ ಮೇಲೆ ಕೂತಳು. ಪಕ್ಕದಲ್ಲಿ ನರ್ಸಕ್ಕನೂ ಔಷಧಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ತಮಾಷೆ ಸಿಗದೆ ಜನ ಒಬ್ಬೊಬ್ಬರಾಗಿ ಚದುರಿದರು. ಬಿಸಿಲು ನೆತ್ತಿಗೆ ಬಂದು ಜಾರಿತು. ಗೇರಕ್ಕ ಆಗಾಗ ಎದ್ದು ಹೋಗಿ ಕೋಲು ಚುಚ್ಚಿ ಬರುತ್ತಿದ್ದಳು. ಭಾವ ಮಾತ್ರ ಕುಸಿದ ಸೇತುವೆಯ ಕಲ್ಲಿನ ಮೇಲೆ ಕೂತೇ ಇದ್ದರು. ಕೊನೆಗೊಮ್ಮೆ ನೀರು ಮೊಣಕಾಲಿಗಿಳಿಯಿತು. ಗುಂಡಿಯ ಮೇಲ್ಗಡೆ ಗಟ್ಟಿ ನೆಲವೂ ಸಿಕ್ಕಿತು. ಅವಳು ಬಂದು ನೋಡುತ್ತಾಳೆ, ಬಾನೆಟ್ಟು ತೆರೆದಿದೆ. ಭಾವ ಬೆನ್ನಿಗೆ ಒಂದು ಕೈ ಕೊಟ್ಟು ಬಗ್ಗಿ ಫ್ಯಾನ್ ಬೆಲ್ಟು ಬಿಚ್ಚುತ್ತಿದ್ದರು.

"ಫ್ಯಾನು ಇಂಜಿನ್ ಮೇಲೆ ನೀರು ಎರಚಬಾರ್ದು. ಇದನ್ನ ನಿಂಗೆ ಹೇಳ್ಕೊಟ್ಟಿರ್ಲಿಲ್ಲ" ಎಂದರು. ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಸೀಟಿಗೆ ಹತ್ತಿದರು.

ನರ್ಸಕ್ಕ ತಿರುಗಿ ನೋಡಿದಳು. "ನೀವೆಲ್ಲಿಗೆ?"

"ಆ ಕಡೆ ಇದನ್ನ ಮತ್ತೆ ಹಾಕೋರು ಯಾರು?"

ಹಾಕಲು ಗೇರಕ್ಕನಿಗೆ ಬರುತ್ತಿತ್ತು. ಅದು ಮೂವರಿಗೂ ಗೊತ್ತಿತ್ತು. ಅವಳು ಕೀ ತಿರುಗಿಸಿದಳು.

ಮೊದಲನೇ ಗೇರಿನಲ್ಲಿ, ಕ್ಲಚ್ಚು ಮುಟ್ಟದೆ, ಒಂದೇ ವೇಗದಲ್ಲಿ ಅವಳು ಜೀಪನ್ನು ನೀರಿಗೆ ಬಿಟ್ಟಳು. ಮುಂದೆ ಸಣ್ಣ ಅಲೆಯೊಂದು ಎದ್ದು ಬಾಗಿ ನಡೆಯಿತು. ಬಾಗಿಲ ಸಂದಿನಿಂದ ನೀರು ಒಳಬಂದು ಪಾದ ಮುಟ್ಟಿತು. ಹಿಂದಿನ ಸೀಟಿನಿಂದ "ಹಾಗೇ, ಹಾಗೇ" ಎಂದು ತಗ್ಗಿದ ದನಿ ಕೇಳುತ್ತಿತ್ತು; ಅದು ತನಗೋ ಜೀಪಿಗೋ ಗೇರಕ್ಕನಿಗೆ ತಿಳಿಯಲಿಲ್ಲ. ಮುಂದಿನ ಚಕ್ರಗಳು ಕಲ್ಲು ಕಚ್ಚಿದವು, ಮೂತಿ ಮೇಲೆದ್ದಿತು.

ಆಚೆ ದಡದಲ್ಲಿ ಒಬ್ಬ ಮುದುಕಿ ಬಟ್ಟೆ ಸುತ್ತಿದ ಪಾದವನ್ನು ಮುಂದೆ ಚಾಚಿಕೊಂಡು ಕೂತಿದ್ದಳು. "ಇದೇನಾ ನಿಮ್ಮ ಟೈಮು?" ಎಂದಳು. ನರ್ಸಕ್ಕ ಇಳಿದು ಅಲ್ಲೇ ಮಂಡಿಯೂರಿ ಬಟ್ಟೆ ಬಿಚ್ಚತೊಡಗಿದಳು. ಭಾವ ಬಾನೆಟ್ಟಿನೊಳಗೆ ತಲೆ ಹಾಕಿದರು. ಬೆಲ್ಟು ಕೂತ ಮೇಲೆ ಮುದುಕಿಯನ್ನು ಎತ್ತಿ ಸೀಟಿನ ಮೇಲೆ ಕೂರಿಸಿದರು. ನೆನೆದ ಬ್ರೇಕು ಒಣಗಲೆಂದು ಗೇರಕ್ಕ ಪೆಡಲನ್ನು ಮೆಲ್ಲಗೆ ಒತ್ತಿ ಹಿಡಿದೇ ಆಸ್ಪತ್ರೆಯ ಕಡೆಗಿನ ಏರು ಹತ್ತಿಸಿದಳು. ನಾಲ್ಕೂ ಚಕ್ರಗಳಿಂದ ತೆಳ್ಳಗೆ ಹಬೆ ಏಳುತ್ತ, ರಸ್ತೆಯುದ್ದಕ್ಕೂ ಅವರ ಹಿಂದೆ ಬರುತ್ತಿತ್ತು.