ಲೋಬ್ರುಕ್ ನಿಲ್ದಾಣದಲ್ಲಿ ಹೆಂಗಸರ ರಾಜ್ಯ

ಲ್ಯೂಡರ್ಸ್ ಸಾಹೇಬರು ಉತ್ತರದ ಕಡೆಯಿಂದ ವರ್ಗವಾಗಿ ನಮ್ಮ ಲೋಬ್ರುಕ್ ರೈಲು ನಿಲ್ದಾಣಕ್ಕೆ ಸ್ಟೇಷನ್ ಮಾಸ್ಟರಾಗಿ ಬಂದದ್ದು ಕ್ರಿಸ್‌ಮಸ್ ಕಳೆದ ಮೇಲೆ. ಒಳ್ಳೆಯ ಮನುಷ್ಯ. ಆದರೆ ನಗುವುದಕ್ಕೂ ಮೇಲಿನವರ ಅಪ್ಪಣೆ ಬೇಕೇನೋ ಅನ್ನುವಂಥ ಮುಖ. ವೇಷ ಕಟ್ಟಿ ಕುಣಿಯುವ ಕಾರ್ನಿವಲ್ ಹಬ್ಬ ಹತ್ತಿರವಾದ ಹಾಗೆ ಅವರು ಹಜಾರದ ಬಾಗಿಲಿಗೆ ಸೂಚನೆ ಅಂಟಿಸಿದರು: ನಿಲ್ದಾಣದೊಳಗೆ ವೇಷ, ಹಾಡು, ಡೋಲು ನಿಷೇಧ. ನಾನು ಆ ಬಾಗಿಲ ಪಕ್ಕದಲ್ಲೇ ಹೂ ಮಾರುವವಳು. ಅದನ್ನು ಓದಿ ನಕ್ಕೂ ನಕ್ಕೂ ಕೈಲಿದ್ದ ಟ್ಯೂಲಿಪ್ ಕಟ್ಟು ಜಾರಿ ಬಿತ್ತು.

"ಪಾಪ, ಗುರುವಾರದ ವಿಷಯ ಅವರಿಗೆ ಯಾರೂ ಹೇಳಿಲ್ವೇನೆ ಬೆರ್ಟಾ?" ಅಂದಳು ಹಿಲ್ಟ್ರುಡ್. ರೈಲುಗಳ ಬರುಹೋಗನ್ನು ಮೈಕಿನಲ್ಲಿ ಕೂಗುವವಳು ಅವಳೇ. ರೈಲು ಹೊರಡಲು ಅಪ್ಪಣೆ ಕೊಡುವವರ ಪರೀಕ್ಷೆಯನ್ನೂ ಪಾಸು ಮಾಡಿದ್ದಳು, ಆದರೆ ಆ ಅಧಿಕಾರದ ಕೆಂಪು ಟೋಪಿ ಮಾತ್ರ ಯಾವಾಗಲೂ ಗಂಡಸರ ತಲೆಗೇ.

"ಹೇಳೋದ್ಯಾಕೆ? ತಾನಾಗೇ ತಿಳಿಯುತ್ತೆ ಬಿಡು," ಅಂದೆ.

ಕಾರ್ನಿವಲ್ ಶುರುವಾಗುವ ಗುರುವಾರ ನಮ್ಮ ಕಡೆ ಹೆಂಗಸರ ರಾಜ್ಯ. ಕತ್ತರಿ ಹಿಡಿದ ಹೆಂಗಸಿನೆದುರು ಟೈ ಕಟ್ಟಿಕೊಂಡು ನಿಂತವನು, ಮೇಯರೇ ಆಗಿರಲಿ, ಅರ್ಧ ಟೈ ಕಳೆದುಕೊಳ್ಳಲೇಬೇಕು. ಬದಲಿಗೆ ಕೆನ್ನೆಗೊಂದು ಮುತ್ತು ಸಿಗುತ್ತದೆ.

ಅವತ್ತು ಬೆಳಗಿನಿಂದಲೇ ಹಿಮ. ಬೆಟ್ಟದ ಊರುಗಳಿಂದ ಕಲೋನ್ ನಗರಕ್ಕೆ ಹೊರಟಿದ್ದ ಕಾರ್ನಿವಲ್ ರೈಲು ನಮ್ಮಲ್ಲಿ ಬಂದು ನಿಂತುಬಿಟ್ಟಿತು. ಮುಂದೆ ಹಳಿಯೇ ಕಾಣುತ್ತಿಲ್ಲವಂತೆ. ವೇಷ ತೊಟ್ಟ ಕಡಲ್ಗಳ್ಳರು, ಕರಡಿಗಳು, ಬಾತುಕೋಳಿಗಳು, ಕಿರೀಟ ಸೊಟ್ಟಗಾದ ರಾಣಿಯರು ಎಲ್ಲ ಇಳಿದು ಹಜಾರದಲ್ಲಿ ಗಡಗಡ ನಡುಗುತ್ತಾ ನಿಂತರು. ಲ್ಯೂಡರ್ಸ್ ಕಚೇರಿಯಲ್ಲಿ ಫೋನಿಗೆ ಕಿರುಚುತ್ತಿದ್ದರು. ಅದೇ ಹೊತ್ತಿಗೆ ನಾವು ಹೆಂಗಸರೆಲ್ಲ ನುಗ್ಗಿದೆವು. ಕಚಕ್!

ಸಾಹೇಬರು ಎದೆಯ ಮೇಲೆ ಉಳಿದ ತುಂಡನ್ನೇ ನೋಡಿಕೊಂಡರು. "ಇದು... ಇದು ನಮ್ಮತ್ತೆ ಕೊಟ್ಟ ಟೈ!"

"ಹಾಗಾದ್ರೆ ನಿಮಗೆ ಉಪಕಾರಾನೇ ಆಯ್ತಲ್ಲ ಸಾರ್," ಅನ್ನುತ್ತಾ ಹಿಲ್ಟ್ರುಡ್ ಅವರ ಕೆನ್ನೆಗೆ ಮುತ್ತಿಟ್ಟು, ಕೆಂಪು ಟೋಪಿಯನ್ನೂ ಬೀಗದ ಕೈ ಗೊಂಚಲನ್ನೂ ಎತ್ತಿಕೊಂಡಳು.

ಆಗ ಬಂದರು ಸಿಸ್ಟರ್ ಅಪೊಲೋನಿಯಾ. ನಿಲ್ದಾಣದ ಮೂಲೆಯ ಕೋಣೆಯಲ್ಲಿ ದಿಕ್ಕಿಲ್ಲದ ಪ್ರಯಾಣಿಕರಿಗೆ ಚಹಾ, ಬ್ರೆಡ್ಡು ಕೊಡುವ ಮುದುಕಿ ಸನ್ಯಾಸಿನಿ. "ಬಟಾಣಿ ಸೂಪು ಹಂಡೆ ತುಂಬಾ ಇದೆ, ಆದ್ರೆ ನನ್ನ ಕೋಣೇಲಿ ಇರುವೆಗೂ ಜಾಗ ಇಲ್ಲ. ಕೈಸರ್ ಹಜಾರ ತೆಗೀರಿ," ಅಂದರು.

ಆಗಿನ ಚಕ್ರವರ್ತಿ ಕೈಸರ್ ಬರುತ್ತಾನೆಂದು ಹಿಂದಿನವರು ಬಣ್ಣದ ಚಾವಣಿ ಹಾಕಿಸಿ ಕಟ್ಟಿದ ಹಜಾರ ಅದು. ಅವನು ಬರಲೇ ಇಲ್ಲ. ಯುದ್ಧದಲ್ಲಿ ಬಾಂಬು ಬಿದ್ದು ನಿಲ್ದಾಣವೆಲ್ಲ ಕುಸಿದಾಗ ಅದೊಂದು ಮಾತ್ರ ನಿಂತಿತು; ಆ ಚಳಿಗಾಲ ಮನೆ ಕಳೆದುಕೊಂಡವರು ಮಲಗಿದ್ದು ಅಲ್ಲೇ. ಆಮೇಲೆ ಮುರಿದ ಬೆಂಚು ತುಂಬಿ ಬೀಗ ಜಡಿದಿದ್ದರು.

"ಅದನ್ನ ತೆಗೆಯೋಕೆ ಅನುಮತಿ ಇಲ್ಲ," ಅಂದರು ಲ್ಯೂಡರ್ಸ್.

"ಟೋಪಿ ಯಾರ ತಲೆ ಮೇಲಿದೆ ನೋಡಿ ಸಾರ್," ಅಂದಳು ಹಿಲ್ಟ್ರುಡ್. "ಕೊಟ್ಟೆ ಅನುಮತಿ!"

ಬಾಗಿಲು ಕಿರ್‍ರೆಂದಿತು. ಕಡಲ್ಗಳ್ಳರು ಬೆಂಚುಗಳನ್ನು ಗೋಡೆಗೆ ಸರಿಸಿದರು, ರಾಣಿಯರು ಲಂಗದಲ್ಲೇ ಧೂಳು ಒರೆಸಿದರು. ಕರಡಿಯೊಂದು ಅಕಾರ್ಡಿಯನ್ ಎಳೆದದ್ದೇ ತಡ, ನೆಲ ದಡದಡ ಅದುರತೊಡಗಿತು. ಸಿಸ್ಟರ್ ಸಾಹೇಬರ ಕೈಗೆ ಸೌಟು ಕೊಟ್ಟರು. ಅವರೋ, ಯಾರಿಗೂ ಒಂದು ಬಟಾಣಿ ಹೆಚ್ಚಾಗದಂತೆ ಬಡಿಸಲು ನಿಂತರು. ಸ್ವಲ್ಪ ಹೊತ್ತಿಗೆ ಸಿಸ್ಟರ್ ನನ್ನನ್ನು ತಿವಿದು, ಅವರತ್ತ ತಿರುಗಿ, "ಸಾಹೇಬ್ರೇ, ಸೌಟು ಕುಣೀತಾ ಇದೆ," ಅಂದರು.

"ಕೈ ಚಳಿಗೆ ನಡುಗ್ತಿದೆ ಸಿಸ್ಟರ್."

"ಕಾಲು?"

ಸಾಹೇಬರು ಮುಂದಿನ ಬಟ್ಟಲಿಗೆ ಸೂಪು ಸುರಿದರು. ಕಾಲು ಮಾತ್ರ ತಾಳ ಹಾಕುತ್ತಲೇ ಇತ್ತು.

ಮಧ್ಯಾಹ್ನದ ಮೇಲೆ ಹಳಿ ತೆರವಾಯಿತೆಂದು ಫೋನು ಬಂತು. ಹಿಲ್ಟ್ರುಡ್ ಮೈಕಿನಲ್ಲಿ ಕೂಗಿದಳು, ಬೇಡಿಕೊಂಡಳು, ಗದರಿದಳು. "ಇನ್ನೊಂದು ಹಾಡು!" ಅಂದವೇ ಹೊರತು ಒಂದು ಬಾತುಕೋಳಿಯೂ ಕದಲಲಿಲ್ಲ. ಆಚೆ ಡ್ರೈವರು ಸಿಳ್ಳೆ ಮೇಲೆ ಸಿಳ್ಳೆ ಹೊಡೆಯುತ್ತಿದ್ದ.

"ರಾಣಿ ಆಗೋದು ಸುಲಭ ಕಣೇ, ಈ ದಂಡನ್ನ ಹೊರಡಿಸೋದು ಹೇಗೆ?" ಎಂದು ಅವಳು ತಲೆ ಮೇಲೆ ಕೈ ಹೊತ್ತಳು.

ಲ್ಯೂಡರ್ಸ್ ಸೌಟು ಕೆಳಗಿಟ್ಟರು. ಕೋಟು ಸರಿಮಾಡಿಕೊಂಡರು. ಕರಡಿಯ ಮುಂದೆ ಹೋಗಿ ನಿಂತು, ಅದರ ಒಂದು ಪಂಜವನ್ನು ತಮ್ಮ ಹೆಗಲ ಮೇಲೆ ಎಳೆದುಕೊಂಡು, ನಮ್ಮೂರಿನ ಕಾರ್ನಿವಲ್ ಜೈಕಾರ ಕೂಗಿದರು: "ಅಲಾಫ್!" ಆ ಉಚ್ಚಾರ ಕೇಳಿದರೆ ನಾಯಿಯನ್ನು ಕರೆದ ಹಾಗಿತ್ತು. ಆದರೂ ಹಜಾರಕ್ಕೆ ಹಜಾರವೇ "ಅಲಾಫ್!" ಎಂದು ಗುಡುಗಿತು. ಒಬ್ಬರ ಹೆಗಲ ಮೇಲೊಬ್ಬರು ಕೈ ಇಟ್ಟು ಸಾಲು ಕಟ್ಟಿದರು. ಸಾಹೇಬರೇ ಮುಂದಾಳು! ಸಾಲು ಹಾವಿನಂತೆ ಕುಣಿಯುತ್ತಾ ಹಜಾರ ಸುತ್ತಿ, ಟಿಕೆಟ್ ಕೌಂಟರಿಗೆ ಪ್ರದಕ್ಷಿಣೆ ಹಾಕಿ, ಪ್ಲಾಟ್‌ಫಾರಂ ದಾಟಿ, ನೇರ ರೈಲಿನ ಹಿಂದಿನ ಡಬ್ಬಿಯೊಳಗೆ ಹೊಕ್ಕಿತು. ಡಬ್ಬಿಯಿಂದ ಡಬ್ಬಿಗೆ ಮುಂದೆ ಮುಂದೆ ಸಾಗಿತು. ಕೊನೆಯ ಕಡಲ್ಗಳ್ಳನೂ ಹತ್ತಿದ್ದನ್ನು ಕಂಡ ಹಿಲ್ಟ್ರುಡ್ ಬಾಗಿಲು ಮುಚ್ಚಿಸಿ, ಠೀವಿಯಿಂದ ರೈಲು ಬಿಡುವ ಸಂಕೇತದ ಹಸಿರು ತಟ್ಟೆ ಎತ್ತಿದಳು.

ರೈಲು ಹೊರಟಿತು. ಎಲ್ಲಕ್ಕಿಂತ ಮುಂದಿನ ಡಬ್ಬಿಯ ಕಿಟಕಿಯಲ್ಲಿ ಒಂದು ಅರ್ಧ ಟೈ ಕಾಣಿಸಿತು.

"ಅಯ್ಯೋ, ಸಾಹೇಬ್ರು ಒಳಗಿದಾರೆ ಕಣೇ!" ಅಂತ ಕೂಗಿದೆ.

ಲ್ಯೂಡರ್ಸ್ ಗಾಜಿಗೆ ಮೂಗೊತ್ತಿ ನಮ್ಮನ್ನು ನೋಡಿದರು. ಬಾಯಿ ತೆರೆದೇ ಇತ್ತು. ಆಮೇಲೆ ಆ ಮುಖ ಒಡೆದು ನಗೆ ಉಕ್ಕಿತು ನೋಡಿ, ಹೆಗಲೆಲ್ಲ ಕುಲುಕುವಂಥ ನಗೆ. ನಾವಂತೂ ನಿಲ್ಲಲಾರದೆ ಹಿಮದ ಮೇಲೇ ಕುಕ್ಕರಿಸಿದೆವು. ಸಿಸ್ಟರ್ ಶಿಲುಬೆಯ ಗುರುತು ಹಾಕಿಕೊಳ್ಳಲು ಹೋಗಿ ಬಿಕ್ಕಳಿಕೆ ಬರಿಸಿಕೊಂಡರು.

ಸಂಜೆ ಕಲೋನಿನಿಂದ ಫೋನು. ಹಿಂದೆ ಡೋಲಿನ ಗದ್ದಲ.

"ಹಿಲ್ಟ್ರುಡ್ ಅವ್ರೇ, ನಿಲ್ದಾಣ ಹೇಗಿದೆ?"

"ಇದ್ದಲ್ಲೇ ಇದೆ ಸಾರ್. ತಾವು?"

"ನಾನು ಎಲ್ಲಿದೀನಿ ಅಂತ ಈ ಕರಡೀನ ಕೇಳಿ ಹೇಳ್ಬೇಕು. ವಾಪಸ್ ಬರೋಕೆ ರೈಲು ಯಾವಾಗಿದೆ?"

"ನಾಳೆ ಬೆಳಿಗ್ಗೆ ಬನ್ನಿ ಸಾರ್. ಇವತ್ತು ಇಲ್ಲಿ ನಿಮ್ಮ ಅಗತ್ಯ ಯಾರಿಗೂ ಇಲ್ಲ."

ಶುಕ್ರವಾರ ಬಂದರು, ಕೂದಲ ತುಂಬಾ ಬಣ್ಣದ ಕಾಗದದ ಚೂರು. ನೇರ ಕೈಸರ್ ಹಜಾರಕ್ಕೆ ಹೋಗಿ, ಏಣಿ ಹಾಕಿಸಿ, ಕಿಟಕಿಗಳನ್ನು ತಾವೇ ತೊಳೆಯತೊಡಗಿದರು. ಗಾಜಿನ ಕಪ್ಪು ಇಳಿದ ಹಾಗೆ ಚಾವಣಿಯಲ್ಲಿ ಬರೆದಿದ್ದ ದ್ರಾಕ್ಷಿ ಗೊಂಚಲುಗಳು ಒಂದೊಂದಾಗಿ ಬೆಳಕಿಗೆ ಬಂದವು. ಕೆಳಗೆ ನಿಂತು ಬಕೆಟ್ ಹಿಡಿದವಳು ನಾನೇ. ಮೇಲಿನಿಂದ ಸಾಹೇಬರು ಯಾವುದೋ ಹಾಡು ಗುನುಗುತ್ತಿದ್ದರು, ಶ್ರುತಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.