ತಾಮ್ರದ ಕಡಗ

ರಾಯಬಾಗದ ಕಡೆ ಒಂದು ಸಕ್ಕರೆ ಕಾರ್ಖಾನೆಯ ವೈರಮನ್‌ಗಳ ತಾಯಂದಿರನ್ನು ಸಂತೆಯಲ್ಲೂ ಗುರುತಿಸಬಹುದಿತ್ತು. ಎಲ್ಲರ ಕೈಯಲ್ಲೂ ತಾಮ್ರದ ಕಡಗ! ಮಷೀನಿಗೆ ‘ನಡೆ, ನಿಲ್ಲು’ ಎಂಬ ಸಂಕೇತ ಒಯ್ಯುವ ಕಂಟ್ರೋಲ್ ಕೇಬಲ್ಲಿನೊಳಗೆ ವೈರುಗಳಿಗೆ ಸುತ್ತಿದ ತಾಮ್ರದ ಜಾಳಿಗೆ ಇರುತ್ತದಲ್ಲ, ಅದರ ತುದಿಯನ್ನು ಗೇಣುದ್ದ ಕತ್ತರಿಸಿ ಹೆಣೆದರೆ ಕಡಗ. ಕೀಲುನೋವಿಗೆ ಅದೇ ಮದ್ದು. ಆ ತುದಿಯನ್ನು ಅರ್ಥಿಂಗಿಗೆ ಕಟ್ಟಬೇಕೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಟ್ಟದಿದ್ದರೂ ಮಷೀನು ನಡೆಯುತ್ತಿತ್ತಲ್ಲ, ಯಾರಪ್ಪನ ಗಂಟು ಹೋಯಿತು?

ತೊಂಬತ್ಮೂರರ ಕಬ್ಬು ಅರೆಯುವ ಹಂಗಾಮಿಗೆ ಮುಂಚೆ ವೈರಮನ್ ಭರಮು ಕೂಡ, ಕಬ್ಬನ್ನು ಗಾಣಕ್ಕೆ ಸಾಗಿಸುವ ಕ್ಯಾರಿಯರಿನ ಕೇಬಲ್ಲಿನ ಜಾಳಿಗೆ ಕತ್ತರಿಸಿ, ಅವ್ವ ಸಾವಕ್ಕನಿಗೊಂದು ಮಾಡಿಕೊಟ್ಟ.

ಹಂಗಾಮು ಶುರುವಾಯಿತು. ಭರಮುವಿನ ಜೀವದ ಗೆಳೆಯ ಜಿನ್ನಪ್ಪ, ನಿಂತ ಕ್ಯಾರಿಯರಿನಲ್ಲಿ ಸಿಕ್ಕಿಕೊಂಡ ಕಬ್ಬು ಎಳೆಯುತ್ತಿದ್ದ. ಪಕ್ಕದ ದೊಡ್ಡ ಮೋಟರು ಚಾಲೂ ಆಯಿತು. ಯಾರೂ ಮುಟ್ಟದೆ ಕ್ಯಾರಿಯರು ಜಗ್ಗಿತು. ಜಿನ್ನಪ್ಪನ ಬಲಗೈ ಮೊಣಕೈವರೆಗೂ ಹೋಯಿತು.

ಫೋರಮನ್ ಆಬಾಸಾಹೇಬ ಪ್ಯಾನಲ್ ಬಿಚ್ಚಿಸಿದ.

“ಮೋಟರಿನ ಕರೆಂಟಿನ ಗದ್ದಲ ಈ ವೈರಿನ್ಯಾಗ ಹೊಕ್ಕು ಕ್ಯಾರಿಯರ್ ಚಾಲೂ ಮಾಡೇತಿ. ಜಾಳಿಗಿ ಕಟ್ಟಿದ್ರ ಭೂಮಿಗೆ ಇಳದ ಹೋಗತಿತ್ತು. ತುದಿ ಎಲ್ಲೈತಿ ಲೇ ಭರಮು?”

“ಇಲ್ಲರಿ.”

ಆಬಾಸಾಹೇಬ ಮುಂದೆ ಕೇಳಲಿಲ್ಲ. ಅವನ ಸ್ವಂತ ತಾಯಿಯ ಕೈಯಲ್ಲೂ ಅಂಥದೊಂದು ಕಡಗವಿತ್ತು. ಹೊಸ ಕೇಬಲ್ ಎಳೆದು, ಜಾಳಿಗೆಯನ್ನು ಅರ್ಥಿಂಗಿಗೆ ಕಟ್ಟಿ, ಮೋಟರು ಹಾಕಿ ನೋಡಿದರು. ಕ್ಯಾರಿಯರು ಅಲ್ಲಾಡಲಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವನೊಬ್ಬ. ಭರಮುವಿಗೆ ಅಳುವೂ ಬರಲಿಲ್ಲ. ರೊಟ್ಟಿ ತಿಂದ, ಪಾಳಿಗೆ ಹೋದ, ಬಂದು ಮಲಗಿದ. ಚಟ್ನಿಯ ಖಾರ ಕೂಡ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಜಿನ್ನಪ್ಪ ಮಿರಜಿನ ದವಾಖಾನೆಯಿಂದ ಮನೆಗೆ ಬಂದ ಮೇಲೆ ಅವ್ವ ಮಗ ಇಬ್ಬರೂ ನೋಡಲು ಹೊರಟರು. ಜಾಳಿಗೆ ಕತ್ತರಿಸಿದ್ದು ತಾನೇ ಎಂದು ಇವತ್ತು ಹೇಳಿಯೇ ಬಿಡಬೇಕು ಅಂದುಕೊಂಡು ಭರಮು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ.

“ಎಲ್ಲಾ ಎಡಗೈ ಮ್ಯಾಲ ಬಿದ್ದೈತಿ ಮಾವಶಿ,” ಎಂದ ಜಿನ್ನಪ್ಪ ಸಾವಕ್ಕನಿಗೆ. “ಕೀಲು ಹಿಡಕೊಂಡಾವು.”

ಭರಮು ಬಾಯಿ ತೆರೆಯುವಷ್ಟರಲ್ಲಿ ಸಾವಕ್ಕ ಕಡಗ ಬಿಚ್ಚಿದ್ದಳು.

“ತಗೋ ನನ್ನಪ್ಪಾ. ನನ್ನ ಬ್ಯಾನಿ ಇದರಿಂದನ ಹೋಗೇತಿ. ನಮ್ಮ ಭರಮು ಮಾಡಿದ್ದು.”

ಜಿನ್ನಪ್ಪ ಅದನ್ನು ತಿರುಗಿಸಿ ನೋಡಿದ. ತಾಮ್ರದ ಎಳೆಗಳ ಮೇಲೆ ಅವನ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಕ್ಕ.

“ಒಂದ ಕೈಲೆ ಹಾಕೊಳ್ಳಾಕ ಬರಂಗಿಲ್ಲೋ ದೋಸ್ತ. ನೀನ ಹಾಕು.”

ಭರಮು ಅವನಿಗಿದ್ದ ಒಂದೇ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಡಗ ತೊಡಿಸಿದ. ತುದಿಗಳನ್ನು ಕೂಡಿಸಿ ಒತ್ತಿದ.

“ಬಿಗಿ ಆತೇನು?” ಎಂದು ಕೇಳಿದ. ಅಷ್ಟೇ ಕೇಳಿದ.